ಉಪ್ಪು ಬೇಡುತ್ತಿದ್ದವಳ ಮನೆಗೆ ಬಂದ ನೀಲಾ

ಹೊನ್ನಾವರದ ಬಳಿಯ ಕರ್ಕಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ನೀಲಾ ಅಂಬಿಗ ಸ್ಕೂಟರ್ ನಿಲ್ಲಿಸಿ, ತಂಪು ಡಬ್ಬಿಯನ್ನು ಹೆಗಲಿಗೇರಿಸಿ ಗದ್ದೆಯ ಬದುವಿನ ಮೇಲೆ ನಡೆಯುತ್ತಾರೆ. ಅವರನ್ನು ಕಂಡದ್ದೇ ಒಂದು ಮನೆಯ ಜಗುಲಿಯ ದೀಪ ಆರುತ್ತದೆ.

"ಮೊದ್ಲು ಮೀನು ಹೊತ್ಕಂಡು ಬಂದಾಗ ಎಲ್ಲರೂ ಕರೀತಿದ್ರು. ಈಗ ರಕ್ತ ತೆಗಿಯೂಳು ಬಂದ್ಲು ಅಂತ ಬಾಗ್ಲು ಹಾಕ್ತಾರೆ," ಎಂದು ನಗುತ್ತಾರೆ.

ಬೆನ್ನು ಕೈಕೊಟ್ಟ ಮೇಲೆ ಮೀನಿನ ಬುಟ್ಟಿ ಬಿಟ್ಟ ನೀಲಾ, ಹೊನ್ನಾವರದ ಲ್ಯಾಬೊಂದರಲ್ಲಿ ನೆಲ ಒರೆಸಲು ಸೇರಿದರು. ಆಮೇಲೆ ತರಬೇತಿ ಪಡೆದು ಸೂಜಿ ಹಿಡಿದರು. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆಂದು ಬರಿಹೊಟ್ಟೆಯ ರಕ್ತ ತರಬೇಕಾದ್ದರಿಂದ ಬೆಳಗಿನ ಎಂಟು ಗಂಟೆಯೊಳಗೆ ಹತ್ತು ಹನ್ನೆರಡು ಮನೆ ಸುತ್ತುತ್ತಾರೆ.

ಈಗ ನಾವು ಹೊರಟಿರುವುದು ತರಕಾರಿ ಬೆಳೆಯುವ ಕುಪ್ಪ ಗೌಡರ ಮನೆಗೆ. ಕಳೆದ ಮಳೆಗಾಲದ ಕೊನೆಗೆ ಕುಪ್ಪನ ಅಪ್ಪನ ಸಕ್ಕರೆ ಪರೀಕ್ಷೆಗೆಂದು ನೀಲಾ ಇಲ್ಲಿಗೆ ಮೊದಲ ಸಲ ಬಂದಿದ್ದರು. ಮುದುಕನ ತೋಳಿಗೆ ಪಟ್ಟಿ ಕಟ್ಟುವಾಗ ಅಡುಗೆಮನೆಯ ಕತ್ತಲಿನಿಂದ ಏನನ್ನೋ ನೆಕ್ಕುವ ಸದ್ದು ಕೇಳಿಸಿತು.

ಕುಪ್ಪನ ಹೆಂಡತಿ ಸಣ್ಣಮ್ಮ ಉಪ್ಪಿನ ಭರಣಿ ಇರುತ್ತಿದ್ದ ಮೂಲೆಯಲ್ಲಿ ಕೂತು ಗೋಡೆ ನೆಕ್ಕುತ್ತಿದ್ದಳು. ತಿರುಗಿದಾಗ ಮುಖ ಮಸಿಯಂತಿತ್ತು. ವಸಡು ಕಪ್ಪು, ಅಂಗೈಯ ಗೆರೆಗಳೂ ಕಪ್ಪು. "ಅಕ್ಕಾ, ಒಂದು ಹರಳು ಕೊಡೆ," ಎಂದು ಪಿಸುಗುಟ್ಟಿದಳು.

ಹಿಂದಿನಿಂದ ಅತ್ತೆ ಹೇಳಿದರು: "ಕೊಡ್ಬೇಡ. ಕೇಳೂದು ಅವಳಲ್ಲ. ಒಳಗೆ ಇದ್ದದ್ದು ಕೇಳ್ತದೆ."

ಸಣ್ಣಮ್ಮ ವರ್ಷದಿಂದ ಸೊರಗುತ್ತಿದ್ದಳು. ಬಿಸಿಲಿಗೆ ಹೋಗದಿದ್ದರೂ ಕಪ್ಪಾಗುತ್ತಿದ್ದಳು, ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಬೀಳುತ್ತಿದ್ದಳು. ಮೈಮೇಲೆ ಬಂದದ್ದು ಉಪ್ಪು ತಿಂದು ಬೆಳೆಯುತ್ತದೆ ಎಂದು ಭೂತ ಬಿಡಿಸುವವನೊಬ್ಬ ಹೇಳಿದ ಮೇಲೆ ಅತ್ತೆ ಉಪ್ಪನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು.

"ನಂಗೂ ಹೆದ್ರಿಕೆ ಆತು, ಸುಳ್ಳು ಹೇಳೂದಿಲ್ಲ," ಎನ್ನುತ್ತಾರೆ ನೀಲಾ. "ಕೈ ಮುಟ್ಟಿದೆ. ಬಾವಿ ಕಲ್ಲಿನ ಹಂಗೆ ತಣ್ಣಗೆ ಇತ್ತು. ನಾಡಿ ಸಿಗ್ಲಿಲ್ಲ. ಎಂತ ಕಾಯ್ಲೆ ಅಂತ ನಂಗೆಂತ ಗೊತ್ತು? ಸಾಯ್ತಾ ಇದ್ದಾಳೆ ಅಂತ ಮಾತ್ರ ಗೊತ್ತಾತು."

ನೀಲಾ ಹೊನ್ನಾವರದ ಡಾಕ್ಟರ್ ದಿವಾಕರ ಅವರಿಗೆ ಫೋನ್ ಮಾಡಿದರು. ಉಪ್ಪು ಹಾಕಿದ ಗಂಜಿ ಕುಡಿಸಿ ತಕ್ಷಣ ಕರೆತನ್ನಿ ಎಂದರು ಅವರು. ಅತ್ತೆ ಕೀಲಿ ಕೊಡಲಿಲ್ಲ. ಕುಪ್ಪ ಕತ್ತಿಯ ಹಿಂಬದಿಯಿಂದ ಹೊಡೆದು ಬೀಗ ಮುರಿದ. ಗಂಜಿ ಕುಡಿಸಿ ಸಣ್ಣಮ್ಮನನ್ನು ಹೊನ್ನಾವರಕ್ಕೆ ಕರೆದೊಯ್ದರು.

"ಕಿಡ್ನಿಗಳ ನೆತ್ತಿಯ ಮೇಲೆ ಟೊಪ್ಪಿಯ ಹಾಗೆ ಅಡ್ರಿನಲ್ ಗ್ರಂಥಿಗಳಿವೆ," ಎಂದು ವಿವರಿಸುತ್ತಾರೆ ದಿವಾಕರ. "ಅವುಗಳ ಒಂದು ಹಾರ್ಮೋನು ಮೈಯಲ್ಲಿ ಉಪ್ಪನ್ನು ಹಿಡಿದಿಡುತ್ತದೆ. ಇನ್ನೊಂದು ಕಾರ್ಟಿಸಾಲ್, ಅದು ತ್ರಾಣ ಕೊಡುತ್ತದೆ. ಸಣ್ಣಮ್ಮನ ಗ್ರಂಥಿಗಳು ಹಾಳಾಗಿದ್ದವು. ತಿಂದ ಉಪ್ಪೆಲ್ಲ ಮೂತ್ರದಲ್ಲಿ ಹೋಗುತ್ತಿತ್ತು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಮಾತ್ರ, ಕೇಳುವವರಿಲ್ಲದಿದ್ದರೂ, ಕೆಲಸ ಮಾಡಿ ಎಂದು ಆಜ್ಞೆ ಕಳಿಸುತ್ತಲೇ ಇತ್ತು. ಆ ಆಜ್ಞೆಯ ಹಾರ್ಮೋನೇ ಚರ್ಮವನ್ನು ಕಪ್ಪು ಮಾಡಿದ್ದು." ರಕ್ತಪರೀಕ್ಷೆಯಲ್ಲಿ ಕಾರ್ಟಿಸಾಲ್ ಇಲ್ಲವೆನ್ನುವಷ್ಟು ಕಡಿಮೆ ಇತ್ತು.

ಇಂದು ಸಣ್ಣಮ್ಮ ತಾನೇ ಜಗುಲಿಗೆ ಬಂದು ತೋಳು ಚಾಚುತ್ತಾಳೆ. ಮುಖ ತಿಳಿಯಾಗಿದೆ, ವಸಡಿನ ಕಪ್ಪು ಪೂರ್ತಿ ಹೋಗಿಲ್ಲ. ಆ ಹಾರ್ಮೋನುಗಳ ಬದಲಿಗೆ ಕೊಟ್ಟಿರುವ ಮಾತ್ರೆಯನ್ನು ಬದುಕಿರುವ ತನಕ ತಪ್ಪಿಸುವಂತಿಲ್ಲ. "ಆಗ ನನ್ನ ಬಾಯಲ್ಲಿ ಬೇರೆ ಯಾರೋ ಕೇಳ್ತಿದ್ರು ಅಂತ ನಂಗೂ ಅನ್ಸ್ತಿತ್ತು," ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾಳೆ. ಬಾಗಿಲ ಮರೆಯಲ್ಲಿ ನಿಂತ ಅತ್ತೆ ಸೊಸೆಯ ಮುಖವನ್ನೇ ನೋಡುತ್ತಾರೆ. ಅದು ಬರೀ ಕಾಯಿಲೆ ಎಂದು ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ನೀಲಾ ಅದಕ್ಕೆ ಬೇಸರಪಡುವುದಿಲ್ಲ. ಬದುವಿನ ಮೇಲೆ ಮರಳುವಾಗ ಹೇಳುತ್ತಾರೆ: "ಮಂತ್ರ ಹಾಕ್ಸೂದಾದ್ರೆ ಹಾಕ್ಸ್ಲಿ, ನಾನು ಬೇಡ ಅನ್ನೂದಿಲ್ಲ. ಅದ್ಕೆ ಮುಂಚೆ ನಂಗೊಂದು ಫೋನ್ ಮಾಡ್ಲಿ, ಅಷ್ಟೇ. ನಾನು ಬೇಗ ಬತ್ತೆ."