ಹುರುಳಿ ಹರಡಿದ ದಾರಿ

ಶ್ರೀರಂಗಪಟ್ಟಣದ ಪೇಟೆ ಬೀದಿಗೆ ಹಾಲಿನ ವ್ಯಾನು ಬರುವ ಮೊದಲೇ ನಾವು ಸೈಕಲ್ ಹತ್ತಿದ್ದೆವು. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿಯ ತಮ್ಮ ಮಹದೇವು. ನಾನು ಇಲ್ಲೇ ಪುಸ್ತಕ, ಪೆನ್ನು ಮಾರುವ ಅಂಗಡಿ ಇಟ್ಟುಕೊಂಡವನು. ಅವನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಮೇಲುಕೋಟೆ ಬೆಟ್ಟಸಾಲನ್ನು ಸುತ್ತಿಕೊಂಡು ನಾಗಮಂಗಲಕ್ಕೆ ಹೋಗುವುದು, ರಾತ್ರಿ ಅಲ್ಲಿ ಉಳಿಯುವುದು, ಮರುದಿನ ವಾಪಸು. ದಾರಿ ಗೊತ್ತುಮಾಡುವ ಜವಾಬ್ದಾರಿ ಅವನದು. ಫೋನಿನ ನಕ್ಷೆಯಲ್ಲಿ ಅತ್ಯಂತ ತೆಳ್ಳಗಿನ ಗೆರೆಗಳನ್ನೇ ಹುಡುಕಿ ಹುಡುಕಿ ಜೋಡಿಸಿದ್ದ.

"ಬಾವ, ಲಾರಿ ಆರನ್ ಸದ್ದು ನಿಮ್ಮ ಕಿವಿಗೆ ಬೀಳ್ದಂಗೆ ಕರ್ಕೊಂಡೋಯ್ತೀನಿ ನೋಡ್ತಿರಿ," ಎಂದ.

ಡಿಸೆಂಬರಿನ ಮಂಜು ಗದ್ದೆಗಳ ಮೇಲೆ ಮಲಗಿತ್ತು. ಪಾಂಡವಪುರ ಎಂಟು ಹತ್ತು ಕಿಲೋಮೀಟರ್ ಅಷ್ಟೆ. ಅಲ್ಲಿ ತಟ್ಟೆ ಇಡ್ಲಿ, ಕಾಫಿ ಮುಗಿಸುವಷ್ಟರಲ್ಲಿ ಮಂಜು ಹರಿದು ಕುಂತಿಬೆಟ್ಟದ ಎರಡು ತಲೆಗಳೂ ಕಾಣಿಸಿದವು. ಕಬ್ಬಿನ ಟ್ರಾಕ್ಟರುಗಳು ರಸ್ತೆಯನ್ನು ಆಗಲೇ ಹಿಡಿದಿದ್ದವು. ಅವುಗಳ ಹಿಂದೆ ದೂಳು ಕುಡಿಯುತ್ತಾ ಸ್ವಲ್ಪ ದೂರ ಹೋಗಿ, ಕಾಲುವೆ ಏರಿಯ ದಾರಿಗೆ ಇಳಿದು ಉಸಿರು ಬಿಟ್ಟೆವು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಜಕ್ಕನಹಳ್ಳಿ ದಾಟಿ ಮೇಲುಕೋಟೆ ಏರು ಶುರುವಾದ ಮೇಲೆ ಅದರ ತರಿ ನನ್ನ ತೊಡೆಗಳಿಗೆ ಚೆನ್ನಾಗಿ ಗೊತ್ತಾಯಿತು. ಎರಡು ತಿರುವು ತುಳಿದೆ, ಮೂರನೆಯದರಲ್ಲಿ ಇಳಿದು ತಳ್ಳಿದೆ. ತಳ್ಳುವವನಿಗೆ ಒಂದು ಲಾಭವಿದೆ, ಎಲ್ಲವನ್ನೂ ನೋಡಬಹುದು. ಬಂಡೆಗಳ ಸಂದಿಯಲ್ಲಿ ಕಗ್ಗಲಿ, ಸೀತಾಫಲದ ಪೊದೆ, ಎಲ್ಲೋ ನವಿಲಿನ ಕೂಗು. ಮೇಲೆ ಕಲ್ಯಾಣಿಯ ಮೆಟ್ಟಿಲಲ್ಲಿ ಕುಳಿತು ಪುಳಿಯೋಗರೆ ತಿಂದೆವು. ಆಚೆ ಮಗ್ಗುಲಿಗೆ ಇಳಿದರೆ ಕೆ.ಆರ್. ಪೇಟೆ ಸೀಮೆ. ಅಲ್ಲಿ ಬಸ್ಸಿಲ್ಲ, ಅಂಗಡಿಯಿಲ್ಲ, ಎರಡೂ ಕಡೆ ಕುರುಚಲು ಕಾಡು, ಮುಂದೆ ನಾರಾಯಣದುರ್ಗದ ಬೋಳು ಬಂಡೆ. ಕುರಿ ಕಾಯುತ್ತಿದ್ದ ಮುದುಕರೊಬ್ಬರು ಸಿಕ್ಕಿದರು.

"ಇಲ್ಲಿ ತೋಳ ಇದಾವಂತಲ್ಲ, ನಿಜವಾ?" ಎಂದು ಕೇಳಿದೆ.

"ಅವೆ. ನೀವು ನೋಡ್ದಿದ್ರೂ ಅವು ನಿಮ್ಮನ್ನ ನೋಡಿರ್ತವೆ, ಓಗಿ."

ಕುರಿಗೆ ಏನು ಕಾವಲು, ನಾಯಿ ಯಾವ ಊರಿನದು, ನೀರು ಎಲ್ಲಿ ಕುಡಿಸುತ್ತೀರಿ ಎಂದು ನನ್ನ ಪ್ರಶ್ನೆಗಳು ಬೆಳೆಯುತ್ತಿದ್ದಂತೆ ಮಹದೇವು ಬೆಲ್ಲು ಬಾರಿಸಿದ. "ಬಾವ, ನೀವು ಸೈಕಲ್ ತುಳಿಯಕ್ಕೆ ಬಂದಿದ್ದೀರೋ, ಜನಗಣತಿಗೋ?"

ಶೀಳನೆರೆ ಕಡೆಯ ಹಳ್ಳಿಗಳನ್ನು ಬಳಸಿ ಉತ್ತರಕ್ಕೆ ತಿರುಗಿದಾಗ ಸಿಕ್ಕ ದಾರಿಯನ್ನು ನಾನು ಮರೆಯಲಾರೆ. ನಾಗಮಂಗಲಕ್ಕೆ ಹೋಗುವ ದೊಡ್ಡ ರಸ್ತೆಯಿಂದ ಕವಲೊಡೆದು, ಒಂದು ಹಳ್ಳಿಯ ನಡುವೆ ಹಾದು, ಮೂರು ಮೈಲಿ ಆಚೆ ಮತ್ತೆ ಅದೇ ರಸ್ತೆಗೆ ಸೇರುವ ಅಡ್ಡದಾರಿ ಅದು. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಹುಣಸೆಮರಗಳು. ಒಂದೇ ಒಂದು ವಾಹನವಿಲ್ಲ. ಮಹದೇವು ಎರಡೂ ಕೈ ಬಿಟ್ಟು ಸೈಕಲ್ ಬಿಡುತ್ತಾ, "ಎಂಗದೆ ರೋಡು!" ಎಂದು ಹಿಂತಿರುಗಿ ಕೂಗಿದ. ಕೂಗಿದವನು ಮುಂದೆ ನೋಡಲಿಲ್ಲ. ಊರ ಬಾಗಿಲಲ್ಲಿ ರಸ್ತೆಯುದ್ದಕ್ಕೂ ಹುರುಳಿ, ನಮ್ಮ ಜನರ ಬಾಯಲ್ಲಿ ಉಳ್ಳಿ, ಹರಡಿತ್ತು. ಕಿತ್ತು ಒಣಗಿಸಿದ ಬಳ್ಳಿ, ಕಾಯಿ ಸಮೇತ, ಮೊಣಕಾಲೆತ್ತರ. ಬಳ್ಳಿ ಚೈನಿಗೆ ಸುತ್ತಿ, ಗೇರಿನ ಕೊಕ್ಕೆ ಬಾಗಿ, ಡ್ರಿಲ್ ಮೇಷ್ಟ್ರು ಹುರುಳಿಯೊಳಗೆ ಮುಖ ಇಟ್ಟು ಮಲಗಿದರು.

ನಮ್ಮ ಕಡೆ ಇದು ಗೊತ್ತಿರುವುದೇ. ಕಣ ಮಾಡಿ ಕಲ್ಲುಗುಂಡು ಉರುಳಿಸಿ ಒಕ್ಕುವವರು ಈಗ ಕಡಿಮೆ. ರಸ್ತೆಗೆ ಹಾಕಿದರೆ ಹೋಗಿ ಬರುವ ಗಾಡಿಗಳ ಚಕ್ರವೇ ಕಾಳು ಉದುರಿಸುತ್ತದೆ. ಎರಡು ಚಕ್ರದವರಿಗೆ ಇದು ಯಮಗಂಡ. ಇಂಥವರನ್ನು ನಾನು ಎಷ್ಟೋ ಸಲ ಬೈದಿದ್ದೇನೆ, ಅವತ್ತೂ ಬಯ್ಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕವೆಗೋಲು ಹಿಡಿದು ಐವತ್ತರ ಹೆಂಗಸೊಬ್ಬರು ಮರದ ನೆರಳಿನಿಂದ ಎದ್ದು ಬಂದರು. ಬಿದ್ದವನನ್ನು ನೋಡಿ, ಸೈಕಲ್ಲನ್ನು ನೋಡಿ, ಮುಖ ಸಣ್ಣಗೆ ಮಾಡಿಕೊಂಡರು.

"ಅಯ್ಯೋ, ಸೈಕಲ್ಲಾ! ಸದ್ದಾಯ್ತಲ್ಲ, ಟ್ರಾಕ್ಟರೇನೋ ಅಂತ ಬಂದೆ."

ಹೆಸರು ಚಿಕ್ಕತಾಯಮ್ಮ. ಮಹದೇವು ಮೂಗಿನಿಂದ ಹೊಟ್ಟು ಒರೆಸಿಕೊಳ್ಳುತ್ತಿರುವಾಗ ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ದೊಡ್ಡ ರಸ್ತೆಯ ಮೋರಿ ರಿಪೇರಿಗೆಂದು ಒಂದು ತಿಂಗಳು ಗಾಡಿಗಳನ್ನೆಲ್ಲ ಈ ಊರ ಮೇಲೆ ತಿರುಗಿಸಿದ್ದರಂತೆ. ಬಸ್ಸು, ಲಾರಿ, ಕಬ್ಬಿನ ಟ್ರಾಕ್ಟರು, ಹಗಲೂ ರಾತ್ರಿ. ಊರಿನವರು ಕಾಲುವೆ ನೀರಿಗೆ ಮಾಡಿಕೊಳ್ಳುವ ಹಾಗೆ ರಸ್ತೆಗೂ ಸರದಿ ಮಾಡಿಕೊಂಡರು. ಮನೆಗೆ ಒಂದು ದಿನ. ಹರಡಿದ ಹುರುಳಿ ಮಧ್ಯಾಹ್ನಕ್ಕೆಲ್ಲ ಕಾಳು ಬೇರೆ, ಹೊಟ್ಟು ಬೇರೆಯಾಗಿ ಒಕ್ಕಿ ಬಿದ್ದಿರುತ್ತಿತ್ತು. ಚಿಕ್ಕತಾಯಮ್ಮನ ಸರದಿ ಇವತ್ತು. ಮೋರಿ ಕೆಲಸ ಮುಗಿದು ದೊಡ್ಡ ರಸ್ತೆ ತೆರೆದದ್ದು ನಿನ್ನೆ ಸಂಜೆ.

"ಎಲ್ಲಾರ್ದೂ ಆಯ್ತು ಕಣಣ್ಣ. ಪಾಪಿ ಸಮುದ್ರುಕ್ಕೋದ್ರೂ ಮೊಣ್ಕಾಲುದ್ದ ನೀರು ಅಂತಾರಲ್ಲ, ಅಂಗಾಯ್ತು ನಂದು. ಬೆಳಗಿಂದ ಎರಡು ಬೈಕು, ಈಗ ನೀವು."

"ಊರಿನ ಟ್ರಾಕ್ಟರು?"

"ಎಲ್ಲಾ ಮಾಕವಳ್ಳಿ ಸಕ್ರೆ ಫ್ಯಾಕ್ಟ್ರಿಗೆ ಕಬ್ಬು ಒಡೀತಾವೆ. ನಮ್ಮೆಜಮಾನ್ರು ಕೇಳಕೋಗವ್ರೆ, ಇನ್ನೂ ಬರ್ನಿಲ್ಲ. ಅಲ್ನೋಡಿ."

ಕವೆಗೋಲಿನಿಂದ ದುರ್ಗದ ಕಡೆ ತೋರಿಸಿದರು. ಬಂಡೆಯ ಹಿಂದೆ ಮೋಡ ಕಪ್ಪಗೆ ಏಳುತ್ತಿತ್ತು. ಅಕಾಲದ ಮಳೆ. "ನೆನೆದ್ರೆ ರೋಡಲ್ಲೇ ಮೊಳ್ಕೆ ಒಡೀತದೆ. ವರ್ಷದ ಸಾರು, ಬಿತ್ನೆ, ದನದ ಮೇವು, ಎಲ್ಲಾ ಇಲ್ಲೇ ಅದೆ."

ಬೆಳಗಿನಿಂದ ನಾವು ಹಿಗ್ಗಿದ್ದು ಯಾವ ನಿಶ್ಶಬ್ದಕ್ಕೋ ಆ ಹೆಂಗಸು ಅದನ್ನೇ ಕೇಳಿಸಿಕೊಂಡು ಹೆದರುತ್ತಾ ಕುಳಿತಿದ್ದರು. ನಮ್ಮ ಸೈಕಲ್ಲನ್ನೇ ಅದರ ಮೇಲೆ ಓಡಿಸೋಣವೆಂದರೆ ಹತ್ತು ಕಾಯಿಯೂ ಒಡೆಯುತ್ತಿರಲಿಲ್ಲ. ಮಹದೇವು ಚೈನು ಬಿಡಿಸಿ ಎದ್ದ. "ಬಾವ, ಗಾಡಿ ಬರ್ದಿದ್ರೆ ನಾವೇ ಕರ್ಕಬರವ," ಎಂದ. ಕೊರಳಿನಲ್ಲಿ ಅವನ ಸೀಟಿ ಯಾವಾಗಲೂ ಇರುತ್ತದೆ.

ನಾವು ಹಿಂದಕ್ಕೆ ತುಳಿದು ದೊಡ್ಡ ರಸ್ತೆಯ ಕವಲಿನಲ್ಲಿ ನಿಂತೆವು. ಮೊದಲ ಕಾರಿನವನು ಗಾಜನ್ನೂ ಇಳಿಸಲಿಲ್ಲ. ಬಸ್ಸಿನವನು ಬೈದುಕೊಂಡು ಹೋದ. ಆಮೇಲೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಒಂದು ಟ್ರಾಕ್ಟರು ಬಂತು. ಮಹದೇವು ರಸ್ತೆ ಮಧ್ಯೆ ನಿಂತು ಸೀಟಿ ಊದಿ, ಊರಿನ ದಾರಿಗೆ ಕೈ ತೋರಿಸಿದ.

"ಏನ್ಲಾ? ಮೋರಿ ಓಪನ್ ಆಯ್ತಲ್ಲ, ಅತ್ಲಾಗ್ಯಾಕೆ?" ಡ್ರೈವರು ಗದರಿದ.

"ಮೋರಿ ಸರಿಯಾಗದೆ ಕಣಣ್ಣ. ಅಲ್ಲಿ ಉಳ್ಳಿ ಆಕವ್ರೆ, ತುಳ್ಯೋರಿಲ್ಲ. ಮಳೆ ಬತ್ತಾದೆ."

"ಯಾರ್ದು ಉಳ್ಳಿ?"

"ಚಿಕ್ಕತಾಯಮ್ಮ ಅಂತ."

ಅವನಿಗೆ ಯಾವ ಚಿಕ್ಕತಾಯಮ್ಮನೂ ಗೊತ್ತಿರಲಿಲ್ಲ. ಆಕಾಶ ನೋಡಿದ. "ನಮ್ಮವ್ವಂದೂ ಇನ್ನೂ ಆಗಿಲ್ಲ ಕಣ್ಲಾ," ಎಂದು ಸ್ಟೇರಿಂಗು ತಿರುಗಿಸಿದ. ಹಿಂದೆ ಬರುತ್ತಿದ್ದ ಅವನ ಜೊತೆಗಾರರಿಬ್ಬರೂ ಏನೂ ಕೇಳದೆ ಅದೇ ದಾರಿ ಹಿಡಿದರು. ಬೀಗರೂಟಕ್ಕೆ ಹೊರಟಿದ್ದ ಒಂದು ಟೆಂಪೋ, ನೀರಿನ ಟ್ಯಾಂಕರು ಒಂದು. ಒಬ್ಬೊಬ್ಬರನ್ನು ಒಪ್ಪಿಸಿದಾಗಲೂ ನನಗೆ ಹಬ್ಬದ ಖುಷಿ. ಲಾರಿ ಹಾರನ್ನಿಗೆ ಹಾಗೆ ಕಿವಿಗೊಟ್ಟು ನಿಂತದ್ದು ನನ್ನ ಜನ್ಮದಲ್ಲೇ ಇಲ್ಲ.

ಮೊದಲ ಹನಿ ಬಿದ್ದಾಗ ಊರಿಗೆ ಓಡಿಬಂದೆವು. ಅರ್ಧದಷ್ಟು ಒಕ್ಕಿತ್ತು. ಚಿಕ್ಕತಾಯಮ್ಮ ಅದನ್ನು ಗುಡಿಸಿ ಮೂಟೆಗೆ ತುಂಬುತ್ತಿದ್ದರು. ಬರಿಗೈಯಲ್ಲಿ ವಾಪಸಾಗಿದ್ದ ಗಂಡ ಉಳಿದರ್ಧ ಬಳ್ಳಿಯನ್ನು ಕವೆಗೋಲಿನಿಂದ ಸುತ್ತಿ ಬಣವೆ ಮಾಡುತ್ತಿದ್ದರು. ಟಾರ್ಪಾಲಿನ ಎರಡು ಮೂಲೆ ನಾವು ಹಿಡಿದೆವು. ಮಳೆ ಜೋರಾಯಿತು, ನಾಲ್ವರೂ ತೊಯ್ದೆವು, ಹುರುಳಿ ತೊಯ್ಯಲಿಲ್ಲ.

"ಈ ಅರ್ಧಕ್ಕೆ ನಾಳೆ ಎಲ್ಲಿಂದ ತರ್ಲಿ ಗಾಡಿಯ?" ಎಂದರು ಚಿಕ್ಕತಾಯಮ್ಮ.

ಮಳೆ ನಿಂತ ಮೇಲೆ, ಒಂದೇ ಗೇರಿನಲ್ಲಿ ತುಳಿಯುವ ಮಹದೇವುವಿನ ಹಿಂದೆ ನಿಧಾನವಾಗಿ ಸಾಗಿ, ಕತ್ತಲಾಗುವಾಗ ನಾಗಮಂಗಲ ಮುಟ್ಟಿದೆವು. ಲಾಡ್ಜಿನ ಎದುರಿನ ಹೋಟೆಲಿನಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ನಾನು ಎರಡನೆಯ ಸಲ ಸಾರು ಕೇಳಲಿಲ್ಲ.

ಬೆಳಿಗ್ಗೆ ಬಿಸಿಲು ಚುರುಕಾಗಿತ್ತು. ಗೇರಿನ ಸೈಕಲ್ ರಿಪೇರಿ ಮಾಡುವವರು ಊರಲ್ಲಿ ಸಿಗಲಿಲ್ಲ. ಪಾಂಡವಪುರಕ್ಕೆ ಖಾಲಿ ಹೊರಟಿದ್ದ ಒಂದು ಲಗೇಜು ಟೆಂಪೋದಲ್ಲಿ ಸೈಕಲ್ ಏರಿಸಿದೆವು. ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿ. ಡ್ರೈವರು ಕೀ ತಿರುಗಿಸುವಾಗ ಮಹದೇವು ನನ್ನ ಮುಖ ನೋಡಿದ, ನಾನು ಅವನದು.

"ಒಸಿ ಸುತ್ತು ಬಳಸಿ ಓಗವ," ಎಂದೆ. "ಬಾಡಿಗೆ ಮೇಲೆ ಕೊಡ್ತೀನಿ."

"ಆ ಕಡೆ ಏನದೆ ಸಾ? ದೇವಸ್ಥಾನವಾ?"

"ಉಳ್ಳಿ," ಎಂದ ಮಹದೇವು.

ಊರ ಬಾಗಿಲಲ್ಲಿ ಉಳಿದರ್ಧ ಹುರುಳಿ ಬಿಸಿಲಿಗೆ ಹರಡಿ ಗರಿಗರಿಯಾಗಿತ್ತು. ರಸ್ತೆ ನಿನ್ನೆಗಿಂತ ನಿಶ್ಶಬ್ದ. ಟೆಂಪೋ ಅದರ ಮೇಲೆ ಹತ್ತಿದಾಗ ಚಕ್ರದಡಿ ಕಾಯಿ ಒಡೆಯುವ ಚಟಚಟ ಸದ್ದು ನಮ್ಮ ಕಾಲಿನವರೆಗೂ ಬಂತು. ಚಿಕ್ಕತಾಯಮ್ಮ ಓಡಿಬಂದರು. ನಾನು ಕಿಟಕಿಯಿಂದ ಕೈ ಬೀಸಿದೆ, ಮಹದೇವು ಸೀಟಿ ಊದಿದ. ಅವರು ನಮ್ಮತ್ತ ನೋಡಲೇ ಇಲ್ಲ. ಕಣ್ಣೆಲ್ಲ ಚಕ್ರದ ಮೇಲೆ. ಕವೆಗೋಲನ್ನು ಎತ್ತಿ ಹಿಡಿದು ಡ್ರೈವರಿಗೆ ಕೂಗುತ್ತಿದ್ದರು:

"ಇಂದಕ್ಕೆ ತಗಳಪ್ಪಾ, ಇಂದಕ್ಕೆ! ಎಡಗಡೆದು ಇನ್ನೂ ಆಗಿಲ್ಲ!"

ಡ್ರೈವರು ನಗುತ್ತಾ ರಿವರ್ಸ್ ಗೇರು ಹಾಕಿದ.