ಹಸೆಮಣೆಗೆ ಹೆಚ್ಚಾದ ಎರಡು ಸುತ್ತು

ಮೊನ್ನೆ ಮಂಡ್ಯದ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹೋಗಿದ್ದೆ. ಮುರಿದ ಸ್ಟೂಲಿಗೆ ಅಂಟು ಹಚ್ಚಿ ಬಿಗಿಯಲು ಒಂದು ಕ್ಲಾಂಪು ಬೇಕಿತ್ತು. ಅಂಗಡಿಯವನು ಎರಡು ಬಗೆ ತಂದಿಟ್ಟ. ಒಂದು ಕಬ್ಬಿಣದ್ದು, ಇನ್ನೊಂದು ಎರಡು ಮರದ ತುಂಡುಗಳ ನಡುವೆ ಎರಡು ತಿರುಪು ಹಾಯ್ದ ಹಳೇ ಮಾದರಿಯದು. "ಕಬ್ಬಿಣದ್ದೇ ತಕ್ಕಳಿ ಸಾ, ಎಷ್ಟ್ ಬೇಕಾದ್ರೂ ಬಿಗೀಬೋದು" ಎಂದ. ಆ ಮಾತು ಕೇಳಿದ್ದೇ ತಡ, ನೀಡಿದ ಕೈ ಹಿಂದಕ್ಕೆ ಬಂತು. ಎಷ್ಟು ಬೇಕಾದರೂ ಬಿಗಿದು ಕೆಟ್ಟವನು ನಾನು. ಮೊನ್ನೆಯವರೆಗೂ ಯಾರಿಗೂ ಹೇಳದ ಸಂಗತಿ, ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಮದ್ದೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಜೊತೆಗೆ ಮರಗೆಲಸದ ಹುಚ್ಚು. ನಾನು ಮಾಡಿದ ಕುರ್ಚಿ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದಕ್ಕೆ ವಿಶ್ರಾಂತಿ ಕೊಡುತ್ತಿತ್ತು. ನೆಂಟರು ಬರುವ ಸುಳಿವು ಸಿಕ್ಕರೆ ನನ್ನ ಹೆಂಡತಿ ಅದನ್ನು ಹಿತ್ತಲಿಗೆ ಸಾಗಿಸುತ್ತಿದ್ದಳು. ಆದರೂ ಭಾನುವಾರ ಬಂತೆಂದರೆ ರೈಲು ಹತ್ತಿ ಹನಕೆರೆಯ ಬಡಗಿ ಕೆಂಪಾಚಾರ್ರ ಕೊಟ್ಟಿಗೆಯಲ್ಲಿ ಹೋಗಿ ಕೂರುತ್ತಿದ್ದೆ. ಅವರಿಗೆ ಕೆಲಸ ಕೆಡುತ್ತಿತ್ತೋ ಏನೋ, ಬೇಡ ಅಂದವರಲ್ಲ.

ಒಮ್ಮೆ ಹೊಸ ಕಬ್ಬಿಣದ ಕ್ಲಾಂಪು ಕೊಂಡು ಜಂಬದಿಂದ ಅವರ ಮುಂದೆ ಇಟ್ಟೆ. ತಿರುಗಿಸಿ ನೋಡಿ ವಾಪಸು ಕೊಟ್ಟರು.

"ಇದು ಕಚ್ತದೆ ಮೇಷ್ಟ್ರೇ, ಹಿಡ್ಕಳಾಕಿಲ್ಲ."

ಅವರವು ಹುಣಸೆಮರದಲ್ಲಿ ತಾವೇ ಮಾಡಿಕೊಂಡ ಮೊಳದುದ್ದದ ನಾಲ್ಕು ಕ್ಲಾಂಪು. ತಿರುಪೂ ಮರದ್ದೇ. ಎರಡು ಹಿಡಿಗಳನ್ನೂ ಒಟ್ಟಿಗೆ ತಿರುಗಿಸಿದರೆ ಬಾಯಿ ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು. "ಬಿಗಿಯಾಕೆ ಯಾವ್ದಾದ್ರೂ ಆಯ್ತದೆ. ಸಾಕು ಅಂತ ಕೈಗೆ ಏಳೋದ್ನ ಆರಿಸ್ಕಬೇಕು" ಎಂದರು. ನಾನು ತಲೆಯಾಡಿಸಿದೆ, ಮನಸ್ಸಿನಲ್ಲಿ ಒಪ್ಪಲಿಲ್ಲ. ದಿನಾ ಮಕ್ಕಳಿಗೆ ಒತ್ತಡದ ಪಾಠ ಮಾಡುವವನಿಗೆ ಆಚಾರಿ ಏನು ಹೇಳಿಯಾರು!

ಆ ವರ್ಷವೇ ಕೆರಗೋಡಿನ ನಮ್ಮ ಮನೆಯಲ್ಲಿ ತಂಗಿಯ ಮದುವೆ. ಗಂಡು ಮಳವಳ್ಳಿಯವರು. ಹಸೆಮಣೆ ಕೆಂಪಾಚಾರ್ರೇ ಮಾಡಬೇಕೆಂದು ನಾನು ಹಟ ಹಿಡಿದೆ. ಅಷ್ಟು ಅಗಲದ ಒಂಟಿ ಹಲಗೆ ಸಿಗದೆ ಅವರು ಎರಡು ಹಲಗೆಗಳ ಅಂಚಿಗೆ ಬಿಸಿ ಮರವಜ್ರದ ಅಂಟು ಹಚ್ಚಿ ಕೂಡಿಸಿದರು. ನಾಲ್ಕೂ ಕ್ಲಾಂಪು ಹಾಕಿ, ಕೂಡಿದ ಗೆರೆಯುದ್ದಕ್ಕೂ ಅಂಟಿನ ಸಣ್ಣ ಹನಿಗಳು ಇಣುಕಿದ್ದನ್ನು ಬಗ್ಗಿ ನೋಡಿ, "ಸಾಕು" ಎಂದು ಕೈ ತೊಳೆಯಲು ಬಾವಿಗೆ ಹೋದರು.

ನನಗೆ ಸಾಕೆನಿಸಲಿಲ್ಲ. ತಂಗಿ ಕೂರುವ ಮಣೆ, ಇನ್ನಷ್ಟು ಭದ್ರವಾಗಿರಲಿ ಎಂದು ಒಂದೊಂದಕ್ಕೂ ಎರಡು ಸುತ್ತು ಹೆಚ್ಚಾಗಿ ಕೊಟ್ಟೆ. ಅಂಟು ಧಾರಾಳವಾಗಿ ಹರಿಯಿತು. ಒದ್ದೆ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಿಯೂ ಬಿಟ್ಟೆ. ಹಲಗೆಗಳ ನಡುವೆ ಇರಬೇಕಾದ ಅಂಟನ್ನೆಲ್ಲ ಹಿಂಡಿ ಹೊರಗೆ ತೆಗೆದಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಗಂಡುಹೆಣ್ಣು ಹಸೆಗೆ ಕೂತ ಸ್ವಲ್ಪ ಹೊತ್ತಿಗೇ ಚಟ್ ಎಂದಿತು. ಮಣೆ ಉದ್ದಕ್ಕೆ ಬಾಯಿಬಿಟ್ಟಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ನಮ್ಮ ಚಿಕ್ಕಪ್ಪ ಚಪ್ಪರ ಅದುರುವಂತೆ ಕೂಗಿದರು:

"ಯಾವನ್ಲಾ ಇದ್ನ ಮಾಡ್ದೋನು? ಎಲ್ಡು ಅಲಗೆ ಕೂಡ್ಸಾಕೂ ಬರಾಕಿಲ್ವಾ?"

ಮದುವೆಗೆಂದು ಮಡಿ ಪಂಚೆ ಉಟ್ಟು ಬಂದಿದ್ದ ಕೆಂಪಾಚಾರ್ರು ಮುಂದೆ ಬಂದು ಒಡೆದ ಅಂಚಿನ ಮೇಲೆ ಬೆರಳಾಡಿಸಿದರು. ಊಟಕ್ಕೂ ನಿಲ್ಲದೆ ಹೊರಟುಹೋದರು. ಬೇರೆ ಮಣೆ ಬಂತು, ಮುಹೂರ್ತವೂ ತಪ್ಪಲಿಲ್ಲ.

ಮುಂದಿನ ಭಾನುವಾರ ಅವರು ನನ್ನನ್ನು ನೇರವಾಗಿ ಕೇಳಿದರು. "ಅಂಚಲ್ಲಿ ಅಂಟೇ ಇರ್ನಿಲ್ಲ ಮೇಷ್ಟ್ರೇ. ನಾನ್ ಕೈ ತೊಳ್ಯಾಕ್ ಓದಾಗ ನೀವೇನಾದ್ರೂ ತಿರುಪು ಮುಟ್ಟುದ್ರಾ?"

"ಇಲ್ವಲ್ಲ" ಎಂದೆ.

"ಅಂಗಾರೆ ನನ್ ಕೈಯೇ ಕೆಡ್ತು ಬುಡಿ."

ಆಮೇಲೆ ಅವರು ಮದುವೆಯ ಕೆಲಸಕ್ಕೆ ಕೈ ಹಾಕಲಿಲ್ಲ. ಗುದ್ದಲಿಗೆ ಮರದ ಕಾವು ಹಾಕುವುದು, ನೇಗಿಲು ರಿಪೇರಿ, ಅಷ್ಟೇ. ಊರೆದುರು ಬೈಸಿಕೊಂಡದ್ದನ್ನು ಅವರು ಮರೆಯುತ್ತಿದ್ದರೇನೋ; ನನ್ನ ಒಂದು ಸುಳ್ಳು ಅವರ ಕೈಯ ಮೇಲೆ ಅವರಿಗಿದ್ದ ನಂಬಿಕೆಯನ್ನೇ ತೆಗೆಯಿತು. ನಾನು ಹನಕೆರೆಯಲ್ಲಿ ಇಳಿಯುವುದನ್ನು ಬಿಟ್ಟೆ. ರೈಲು ಅಲ್ಲಿ ನಿಂತರೆ ಆಚೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಅವರು ತೀರಿಕೊಂಡ ಸುದ್ದಿಯನ್ನೂ ಯಾರೋ ಹೇಳಿ ಕೇಳಿದ್ದು.

ಮೊನ್ನೆ ಮರದ ಕ್ಲಾಂಪನ್ನೇ ಆರಿಸಿಕೊಂಡು ಮನೆಗೆ ಬಂದೆ. ಸ್ಟೂಲಿನ ಕೆಲಸ ಬದಿಗಿಟ್ಟು ಮಳವಳ್ಳಿಯ ತಂಗಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

"ಆಚಾರ್ರು ಒಂದ್ಸಲ ಇಲ್ಲಿಗ್ ಬಂದಿದ್ರು ಕಣಣ್ಣ, ಮದ್ವೆ ಆಗಿ ವರ್ಸ ತುಂಬಿತ್ತು. 'ನನ್ ಕೈ ತೆಪ್ಪಿಂದ ಅಂಗಾಯ್ತು, ನಿಮ್ಗೇನೂ ಕೆಟ್ಟದಾಗ್ನಿಲ್ವಲ್ಲ ತಾಯಿ' ಅಂದ್ರು. ಒಂದೇ ಅಲಗೇಲಿ ಮಾಡಿದ್ ಮಣೆ ಕೊಟ್ಟು, ನೀರೂ ಕುಡೀದೆ ಓದ್ರು. ನೀನ್ ಬಂದಾಗೆಲ್ಲ ಊಟಕ್ ಆಕ್ತೀನಲ್ಲ, ಅದೇ ಮಣೆ."

ನಾಳೆ ಮಳವಳ್ಳಿಗೆ ಹೋಗುತ್ತಿದ್ದೇನೆ. ಊಟಕ್ಕೆ ನೆಲದ ಮೇಲೆ ಕೂರುತ್ತೇನೆ.