ಸಾಲ ತೀರದ ವ್ಯಾನು

ಗಾಡಿಗಳಿಗೆ ಸೀಟು ಹೊಲಿಯುವುದು ಅವಳ ಕಸುಬು. ಎಲ್ಲರ ಬಾಯಲ್ಲೂ ಅವಳು ಸೀಟಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಡ್ರೈವರುಗಳಿಗೂ ಅಕ್ಕನೇ. ಪೆಟ್ರೋಲ್ ಬಂಕಿನ ಹಿಂದಿನ ಓಣಿಯಲ್ಲಿ, ಟೈರ್ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ ಅವಳ ಅಂಗಡಿ. ಒಳಗೆ ದಪ್ಪ ಸೂಜಿಯ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಸ್ಪಂಜಿನ ರಾಶಿ. ಗಿರಾಕಿ ಕೂರಲು ಎಲ್ಲಿಂದಲೋ ಬಿಚ್ಚಿ ತಂದ ಬಸ್ಸಿನ ಸೀಟೊಂದಿತ್ತು.

ಯಾರಾದರೂ ಹಳೆ ಗಾಡಿ ಕೊಂಡು ತಂದರೆ, ಬಣ್ಣ ಯಾವುದು ಬೇಕು ಎಂದು ಕೇಳುವ ಮುಂಚೆ ಅವಳು ಕೇಳುತ್ತಿದ್ದ ಮಾತೇ ಬೇರೆ: "ಸಾಲ ತೀರಿದೆಯಾ, ನೋಡಿದ್ರಾ?"

ಈ ಪ್ರಶ್ನೆ ಅವಳು ಕೈ ಸುಟ್ಟುಕೊಂಡು ಕಲಿತದ್ದು. ಹನ್ನೊಂದು ವರ್ಷದ ಹಿಂದೆ ಗಂಡ ಹೆಂಡತಿ ಸೇರಿ, ಶಾಲೆಗೆ ಮಕ್ಕಳನ್ನು ಬಿಡಲು ಒಂದು ಹಳೆಯ ವ್ಯಾನು ಕೊಂಡಿದ್ದರು. ಎಂಜಿನ್ ಸದ್ದು ಕೇಳಿದ್ದರು, ಟೈರು ತಟ್ಟಿದ್ದರು, ಗಾಡಿಯಡಿ ಮಲಗಿ ತುಕ್ಕು ಹುಡುಕಿದ್ದರು. ಗಾಡಿಯ ಮೇಲೆ ಮಾರುವವನ ಸಾಲ ಇದೆಯೇ ಎಂದು ನೋಡುವುದು ಮಾತ್ರ ಹೊಳೆಯಲಿಲ್ಲ. ನಾಲ್ಕನೇ ತಿಂಗಳು ಫೈನಾನ್ಸಿನ ಇಬ್ಬರು ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಕೊನೆಯ ಮಗು ಇಳಿಯುವವರೆಗೂ ಸುಮ್ಮನೆ ಕಾದರು. ಆಮೇಲೆ ಒಂದು ಹಾಳೆ ತೋರಿಸಿ, ಕೀ ಇಸಿದುಕೊಂಡು ವ್ಯಾನು ಓಡಿಸಿಕೊಂಡು ಹೋದರು. ಮಾರಿದವನ ಫೋನು ಆ ಹೊತ್ತಿಗಾಗಲೇ ಸತ್ತಿತ್ತು. ಗಂಡ ಬೇರೆಯವರ ಲಾರಿ ಹತ್ತಿದ. ಅವಳು ಈ ಅಂಗಡಿಯ ಹಿಂದಿನ ಯಜಮಾನನ ಬಳಿ ಹೊಲಿಗೆ ಬಿಚ್ಚುವ ಕೆಲಸಕ್ಕೆ ಸೇರಿ, ಕೊನೆಗೆ ಅವನ ಯಂತ್ರವನ್ನೇ ಕೊಂಡಳು.

ಒಂದು ಮಂಗಳವಾರ ಬೇಕರಿಯವನು ಬಿಳಿ ವ್ಯಾನೊಂದನ್ನು ತಂದು ನಿಲ್ಲಿಸಿದ. ಹಿಂದಿನ ಸೀಟು ತೆಗೆದು, ಬ್ರೆಡ್ಡಿನ ಟ್ರೇ ಇಡಲು ಜಾಗ ಮಾಡಬೇಕಿತ್ತು. ವ್ಯಾನು ಮಾರುವವನಿಗೆ ಮುಂಗಡ ಕೊಟ್ಟಾಗಿತ್ತು, ಉಳಿದದ್ದು ಶನಿವಾರ.

ವ್ಯಾನು ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಅದರ ಸೀಟು ಹೊಲಿದವಳು ಅವಳೇ.

"ನಿಮ್ಮ ಭಾವನೋರದ್ದೇ. ಅದಕ್ಕೇ ಧೈರ್ಯವಾಗಿ ತಗೊಂಡೆ," ಎಂದ ಬೇಕರಿಯವನು.

"ಸಾಲ ತೀರಿದೆಯಾ, ಬೇಕರಿಯಣ್ಣ?"

"ತೀರಿದೆ ಅಂದ್ರಪ್ಪ." ಅವನು ನೋಂದಣಿ ಪುಸ್ತಕದ ಜೆರಾಕ್ಸ್ ತೋರಿಸಿದ. ಒಂದೇ ಬದಿ. ಸಾಲದ ನಮೂದು ಇರುವುದು ಹಿಂದಿನ ಬದಿಯಲ್ಲಿ. ಅದರ ಪ್ರತಿಯನ್ನು ಭಾವ ಕೊಟ್ಟಿರಲಿಲ್ಲ.

ಅವಳು ಹೆಚ್ಚು ಕೇಳಲಿಲ್ಲ. ಬಾಗಿ ಚಾಸಿ ನಂಬರ್ ಬರೆದುಕೊಂಡಳು, ಅಷ್ಟೆ. ಅಂದು ಮಧ್ಯಾಹ್ನವೆಲ್ಲ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಸ್ಥಿತಿ ಅವಳದು: ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಭಾವ ಪರಕೀಯನಲ್ಲ, ಸ್ವಂತ ಅಕ್ಕನ ಗಂಡ. ಅಂದು ಇವರು ವ್ಯಾನು ಕಳೆದುಕೊಂಡ ವರ್ಷ ಇವರ ಮನೆಗೆ ಮೂರು ತಿಂಗಳು ದಿನಸಿ ಹಾಕಿಸಿದವನು. ಒಂದು ಅಂಚನ್ನು ಸೊಟ್ಟಗೆ ಹೊಲಿದು, ಬಿಚ್ಚಿ, ಮತ್ತೆ ಸೊಟ್ಟಗೇ ಹೊಲಿದಳು.

ಮರುದಿನ ಬೆಳಿಗ್ಗೆ ನೋಂದಣಿ ಕಚೇರಿಗೆ ಹೋದಳು. ಕೌಂಟರಿನ ಹೆಂಗಸು ನಂಬರ್ ಒತ್ತಿ, ಪರದೆ ಇವಳ ಕಡೆ ತಿರುಗಿಸಿದಳು. "ಸಾಲ ಹಾಗೇ ಇದೆ. ಬಾಕಿ ಎಷ್ಟು ಅಂತ ಫೈನಾನ್ಸಿನವರೇ ಹೇಳ್ಬೇಕು. ಅದೂ ಗಾಡಿ ಯಜಮಾನರಿಗೆ ಮಾತ್ರ."

ಅಲ್ಲಿಂದ ನೇರ ಅಕ್ಕನ ಮನೆಗೆ. ಭಾವ ಸೋರುವ ನಲ್ಲಿಗೆ ದಾರ ಸುತ್ತುತ್ತಿದ್ದ; ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು.

"ಭಾವ, ವ್ಯಾನಿನ ಮೇಲೆ ಸಾಲ ಇದೆಯಲ್ಲ."

"ಇನ್ನೇನು, ಏಳು ಕಂತು. ಅವನು ದುಡ್ಡು ಕೊಟ್ಟ ಕೂಡಲೇ ಕಟ್ಟಿಬಿಡ್ತೀನಿ."

"ಬೇಕರಿಯಣ್ಣನಿಗೆ ಹಾಗಂತ ಹೇಳಿದೀರಾ?"

"ಹೇಳಿದ್ರೆ ಕೊಳ್ತಾನಾ?" ಭಾವ ನಲ್ಲಿಯಿಂದ ಕಣ್ಣೆತ್ತಲಿಲ್ಲ. ಕೆಲಸ ಹೋಗಿ ಆರು ತಿಂಗಳಾಗಿದ್ದದ್ದು ಅವಳಿಗೂ ಗೊತ್ತಿತ್ತು. ಮೋಸ ಮಾಡುವ ಮನುಷ್ಯನಲ್ಲ. ಆದರೆ ಕೈಗೆ ಬಂದ ದುಡ್ಡು ಮೊದಲು ಯಾವ ತೂತು ಮುಚ್ಚುತ್ತದೋ ಯಾರಿಗೆ ಗೊತ್ತು.

"ಮನೆ ವಿಷಯ ಬೀದಿಗೆ ತರ್ಬೇಡ ಕಣೇ," ಎಂದಳು ಅಕ್ಕ.

"ನಾನು ತರಲ್ಲ. ಶುಕ್ರವಾರದೊಳಗೆ ಭಾವನೇ ಹೇಳ್ಲಿ. ಹೇಳಲಿಲ್ಲ ಅಂದ್ರೆ ನಾನು ಹೇಳ್ತೀನಿ."

ಶುಕ್ರವಾರ ಸಂಜೆ ಅವಳು ಬೇಕರಿಗೆ ಹೋದಾಗ ಅವನು ಖುಷಿಯಾಗಿ, ವ್ಯಾನಿನ ಮೇಲೆ ಏನು ಬರೆಸಲಿ ಎಂದು ಕೇಳಿದ. ಭಾವ ಬಾಯಿ ಬಿಟ್ಟಿಲ್ಲವೆಂದು ತಿಳಿಯಿತು. ಅವಳು ಎಲ್ಲವನ್ನೂ ಹೇಳಿದಳು. ಅವನು ಕೈಲಿದ್ದ ಖಾಲಿ ಟ್ರೇಯನ್ನು ಒರೆಸಿ ಪಕ್ಕಕ್ಕಿಟ್ಟ.

"ವ್ಯಾಪಾರವೇ ಬೇಡ ಬಿಡಕ್ಕ. ಮುಂಗಡ ವಾಪಸ್ ಕೇಳ್ತೀನಿ."

"ಗಾಡಿ ಒಳ್ಳೇದೇ. ದುಡ್ಡು ಮಾತ್ರ ಭಾವನ ಕೈಗೆ ಕೊಡ್ಬೇಡಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಗೋದು ಬೇಡ. ಅವರನ್ನೇ ಕರ್ಕೊಂಡು ಫೈನಾನ್ಸ್ ಆಫೀಸಿಗೆ ಹೋಗಿ. ಬಾಕಿ ಎಷ್ಟು ಅಂತ ಬರೆಸ್ಕೊಂಡು ಅಲ್ಲೇ ಕಟ್ಟಿ, ರಸೀದಿ ನೀವಿಟ್ಕೊಳ್ಳಿ. ನೋಂದಣಿಯಲ್ಲಿ ಸಾಲದ ನಮೂದು ತೆಗೆಸಿ, ಗಾಡಿ ನಿಮ್ಮ ಹೆಸರಿಗಾದ ಮೇಲೆ ಮಿಕ್ಕಿದ್ದು ಕೊಡಿ."

ಸೋಮವಾರ ಬೇಕರಿಯವನೂ ಭಾವನೂ ಹೋದರು. ಬಾಕಿ ಏಳು ಕಂತಲ್ಲ, ಒಂಬತ್ತು. ಮೇಲೆ ದಂಡ ಬೇರೆ. ದಂಡದ ಲೆಕ್ಕ ಭಾವನಿಗೂ ಗೊತ್ತಿರಲಿಲ್ಲವಂತೆ. ಅಲ್ಲಿನ ಕುರ್ಚಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದನೆಂದು ಬೇಕರಿಯವನು ಆಮೇಲೆ ಹೇಳಿದ. ಮೂರು ವಾರದಲ್ಲಿ ಕಾಗದ ಸರಿಯಾಯಿತು, ವ್ಯಾನು ಬ್ರೆಡ್ಡು ಹೊರತೊಡಗಿತು. ಭಾವನಿಗೆ ಅಂದುಕೊಂಡಿದ್ದಕ್ಕಿಂತ ಕಡಿಮೆ ದಕ್ಕಿದರೂ, ಫೈನಾನ್ಸಿನ ಫೋನು ನಿಂತಿತು.

ಅಕ್ಕನ ಫೋನೂ ನಿಂತಿತು. ಐದು ತಿಂಗಳು ಅಕ್ಕತಂಗಿಯರ ಸುದ್ದಿ ಅಮ್ಮನ ಮೂಲಕವೇ ಓಡಾಡಿತು. "ನಾನೇನು ನಿಮ್ಮಿಬ್ಬರ ಟಪಾಲಿನವಳಾ?" ಎಂದು ಅಮ್ಮ ಗೊಣಗುತ್ತಿದ್ದಳು, ಆದರೆ ಒಂದು ಮಾತನ್ನೂ ತಲುಪಿಸದೆ ಬಿಡಲಿಲ್ಲ.

ಸೀಟಕ್ಕ ಯಾರಲ್ಲೂ ತನ್ನ ಸಮರ್ಥನೆ ಮಾಡಿಕೊಳ್ಳಲಿಲ್ಲ. ಗಂಡ ಲಾರಿಯಿಂದ ಬಂದಾಗ ಒಮ್ಮೆ ಮಾತ್ರ, "ನಾನು ಮಾಡಿದ್ದು ಸರಿ ಅಂತ ಗೊತ್ತು, ಆದ್ರೂ ಊಟ ರುಚಿಸಲ್ಲ," ಎಂದಳು. ಅವನು, "ರುಚಿಸುತ್ತೆ, ಸ್ವಲ್ಪ ದಿನ ಹೋಗ್ಲಿ," ಎಂದ.

ಆರನೇ ತಿಂಗಳು ಅಕ್ಕ ತಾನಾಗಿಯೇ ಫೋನು ಮಾಡಿದಳು. ಅಮ್ಮನ ಮಂಡಿನೋವು, ಹೊಸ ಡಾಕ್ಟರು, ಭಾವನಿಗೆ ಗೋದಾಮಿನಲ್ಲಿ ಸಿಕ್ಕ ಕೆಲಸ, ಇಪ್ಪತ್ತು ನಿಮಿಷ ಇದೇ ಮಾತು. ವ್ಯಾನಿನ ವಿಷಯ ಇಬ್ಬರೂ ಎತ್ತಲಿಲ್ಲ. ಭಾವ ಈಗಲೂ ಬಂಕಿನ ಹಿಂದಿನ, ಅವಳ ಅಂಗಡಿಯ ಓಣಿ ಬಿಟ್ಟು ಸುತ್ತು ದಾರಿಯಲ್ಲೇ ಕೆಲಸಕ್ಕೆ ಹೋಗುತ್ತಾನೆ.